ಬಂದ್, ನಿಷೇಧಾಜ್ಞೆ, ಚಳಿಗಾಲದ ದುಡಿಮೆ: ನಮ್ಮ ಜಿಲ್ಲೆಯವರು ಹೇಗೆ ನಿಭಾಯಿಸ್ತಿದ್ದೀರಿ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಬೆಳಗಿನ ಗಾಳಿ ತಣ್ಣಗಾಗಿದೆ. ಟಾಗೋರ್ ಕಡಲತೀರಕ್ಕೆ ವಾಕಿಂಗ್ ಬರುವ ಹಿರಿಯರ ತಲೆಗೆ ಮಫ್ಲರ್ ಏರಿದೆ, ರಸ್ತೆ ಬದಿಯ ಚಹಾದಂಗಡಿಗಳಲ್ಲಿ ಆರು ಗಂಟೆಗೇ ಜನ. ಇನ್ನು ಫೆಬ್ರವರಿ ಮುಗಿಯೋವರೆಗೆ ನಮ್ಮ ಊರಲ್ಲಿ ದುಡಿಯೋದಕ್ಕೆ, ತಿರುಗಾಡೋದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರತಿ ಚಳಿಗಾಲದಲ್ಲೂ ಇದರ ಜೊತೆ ಇನ್ನೊಂದು ಬರುತ್ತದೆ. ಮಳೆ ನಿಂತದ್ದೇ ದೊಡ್ಡ ಯೋಜನೆಗಳ ಸರ್ವೇದವರು ಬರುತ್ತಾರೆ, ಯಂತ್ರ ಇಳಿಯುತ್ತವೆ, ಹಿಂದೆಯೇ ಪೊಲೀಸ್ ವ್ಯಾನು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಗಲಭೆ ಕುಮಟಾ, ಶಿರಸಿವರೆಗೆ ಹಬ್ಬಿತು. 2018ರ ಡಿಸೆಂಬರಿನಲ್ಲಿ ಕೈಗಾ ಅಣುಸ್ಥಾವರದ 5 ಮತ್ತು 6ನೇ ಘಟಕದ ಪರಿಸರ ಅಹವಾಲು ಸಭೆ. 2020ರ ಜನವರಿಯಲ್ಲಿ ಕಾರವಾರ ಬಂದರು ವಿಸ್ತರಣೆ ವಿರುದ್ಧ ಊರಿಗೆ ಊರೇ ಬಂದ್. 2024ರ ಜನವರಿಯಲ್ಲಿ ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರು ವಿರೋಧಿ ಹೋರಾಟ. 2025ರ ಫೆಬ್ರವರಿಯಲ್ಲಿ ಅಂಕೋಲಾದ ಕೇಣಿಯಲ್ಲೂ ಬಂದರಿನ ವಿರುದ್ಧವೇ. ಅಹವಾಲು ಸಭೆಗಳು ಮಳೆಗಾಲದಲ್ಲೂ ಆಗುತ್ತವೆ, ನಿಜ. ಕೇಣಿ ಬಂದರಿನದ್ದು 2025ರ ಆಗಸ್ಟಿನಲ್ಲಿ ಅಂಕೋಲಾದಲ್ಲೂ, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯದ್ದು ಸೆಪ್ಟೆಂಬರಿನಲ್ಲಿ ಗೇರುಸೊಪ್ಪೆಯಲ್ಲೂ ಆದವು. ಆದರೆ ರಸ್ತೆ ತಡೆ, ನಿಷೇಧಾಜ್ಞೆ, ಅಂಗಡಿ ಬಾಗಿಲು ಹಾಕಿಸೋದು ಇವೆಲ್ಲ ಬಿಸಿಲು ಬಿದ್ದ ಮೇಲೆಯೇ.

ಯೋಜನೆಗಳ ವಿಷಯದಲ್ಲಿ ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನೌಕಾನೆಲೆ ಸೀಬರ್ಡ್‌ಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಅರ್ಗಾ, ಬಿಣಗಾ ಕಡೆಯವರು ಏನೇನು ಬಿಟ್ಟುಕೊಟ್ಟರು ಎಂದು ನೋಡಿಕೊಂಡೇ ಬೆಳೆದವ ನಾನು. ಇನ್ನೂ ಒಂದು ತೀರ ಕಳಕೊಳ್ಳುವ ಶಕ್ತಿ ಈ ಜಿಲ್ಲೆಗಿಲ್ಲ. ಹೋರಾಟ ಆಗಲೇಬೇಕು. ನನ್ನ ತಕರಾರು ರೀತಿಯ ಬಗ್ಗೆ ಮಾತ್ರ. ಯಾರ ಹೊಟ್ಟೆಪಾಡಿಗಾಗಿ ಹೋರಾಡುತ್ತೇವೋ ಅವರು ವರ್ಷದ ಅನ್ನ ದುಡಿಯುವ ಮೂರು ತಿಂಗಳನ್ನೇ ನಾವು ಕಟ್ಟಿಹಾಕುತ್ತಿದ್ದೇವೆ. ಈ ಸಲವಾದರೂ ಬೇರೆ ರೀತಿ ಯೋಚಿಸಬಹುದಾ? ನಿಮ್ಮ ನಿಮ್ಮ ಊರಲ್ಲಿ ದಿನ ಹೇಗೆ ಸಾಗುತ್ತಿದೆ, ಬರೆಯಿರಿ.

ತೋಟದಮನೆ, ಶಿರಸಿ

ಒಳ್ಳೆ ವಿಷಯ ಎತ್ತಿದಿರಿ. ಘಟ್ಟದ ಮೇಲಿನ ಲೆಕ್ಕ ನಾನು ಹೇಳುತ್ತೇನೆ.

ನಮ್ಮಲ್ಲಿ ಈಗ ಅಡಿಕೆ ಕೊನೆ (ಗೊನೆ) ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನವೇ ಕೊಯ್ಲು, ನಮಗೆ ಅನುಕೂಲದ ದಿನ ಅಲ್ಲ. ಒಬ್ಬ ಕೊನೆಗೌಡನಿಗೆ ಹತ್ತು ಮನೆಯವರು ಕಾಯುತ್ತಿರುತ್ತಾರೆ. ಅವ ಬರುತ್ತೇನೆಂದ ದಿನ ಬಂದ್ ಆಯಿತೋ, ಅವನ ಸರದಿ ಮತ್ತೆ ನಮಗೆ ಯಾವಾಗ ಬರುತ್ತದೋ. ಅಷ್ಟರಲ್ಲಿ ಕಾಯಿ ಹಣ್ಣಾಗಿ ಉದುರಲು ಶುರು. ರಾಶಿ (ಹಸಿ ಕಾಯಿ ಸುಲಿದು ಬೇಯಿಸಿದ ಕೆಂಪಡಿಕೆ) ಮಾಡುವವರಿಗೆ ಇದು ದೊಡ್ಡ ನಷ್ಟ, ಏಕೆಂದರೆ ಹಣ್ಣಾದ ಅಡಿಕೆಯಿಂದ ರಾಶಿ ಆಗೋದಿಲ್ಲ, ಹಾಗೇ ಒಣಗಿಸುವ ಚಾಲಿಗೇ ಬಿಡಬೇಕು.

ಇನ್ನು ಸುಲಿಯೋದು. ಹಸಿ ಅಡಿಕೆ ಕೊಯ್ದು ಅಂಗಳಕ್ಕೆ ಬಂದ ಮೇಲೆ ಕಾಯಿಸುವಂತಿಲ್ಲ. ಸಂಜೆ ಹೊತ್ತಿಗೆ ಸುಲಿಯುವವರು ಬರುತ್ತಾರೆ, ಹೆಚ್ಚಿನವರು ಹೆಂಗಸರೇ. ಹಗಲು ಬೇರೆ ಕೆಲಸ ಮುಗಿಸಿ, ಮನೆಯ ಅಡುಗೆ ಮುಗಿಸಿ, ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹತ್ತರವರೆಗೂ ಕೈ ನಿಲ್ಲೋದಿಲ್ಲ. ಚಳಿಗೆ ಸೀರೆ ಮೇಲೊಂದು ಗಂಡಸರ ಅಂಗಿ, ತಲೆಗೊಂದು ಟವಲು. ಬಲ್ಬಿನ ಬೆಳಕಲ್ಲಿ ಸಿಪ್ಪೆಯ ರಾಶಿ ಒಂದು ಕಡೆ, ಡಬ್ಬ ಒಂದು ಕಡೆ. ಸುಲಿದಷ್ಟಕ್ಕೆ ಕೂಲಿ. ಮರುದಿನ ತೊಗರಿನ ನೀರಲ್ಲಿ ಬೇಯಿಸಿ ಅಟ್ಟಕ್ಕೆ ಏರಿಸಬೇಕು. ನಡುವೆ ಒಂದು ದಿನ ತಪ್ಪಿದರೂ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಟೆಂಡರಿನಲ್ಲಿ ದರ ಬೀಳುತ್ತದೆ.

ಬಂದ್ ದಿನ ಈ ಹೆಂಗಸರು ಬರೋದು ಹೇಗೆ? ಬಸ್ ಇಲ್ಲ. ಬೈಕಿನಲ್ಲಿ ಕರೆತರಲು ಹೋದರೆ ಸರ್ಕಲ್ಲಿನಲ್ಲಿ ಟೈರ್ ಸುಡುತ್ತಿರುತ್ತಾರೆ. ನನ್ನಂಥ ತೋಟದವನಿಗೆ ಹೋಗುವುದು ಒಂದು ದಿನದ ದರ, ಅವರಿಗೆ ಹೋಗುವುದು ಆ ದಿನದ ಊಟ. ಇದನ್ನು ನಾವು ಗಟ್ಟಿಯಾಗಿ ಹೇಳದಿದ್ದರೆ ಇನ್ಯಾರು ಹೇಳುವುದು?

ಬೇಡ್ತಿ-ವರದಾ, ಅಘನಾಶಿನಿ-ವೇದಾವತಿ ನದಿ ಜೋಡಣೆ ಎರಡಕ್ಕೂ ನಮ್ಮ ಮನೆಯವರ ವಿರೋಧ ಇದೆ. ಸ್ವರ್ಣವಲ್ಲಿ ಮಠದ ಶ್ರೀಗಳು ಕರೆದ ಸಭೆಗಳಿಗೆಲ್ಲ ಹೋಗಿದ್ದೇವೆ, ಮುಂದೆಯೂ ಹೋಗುತ್ತೇವೆ. ಆದರೆ ಎಂತ ಮಾಡಬೇಕು ಎಂದು ಊರು ಊರಲ್ಲಿ ಕೂತು ಮಾತಾಡದೆ ಬಂದ್ ಕರೆಯೋದು ಸರಿ ಕಾಣೋದಿಲ್ಲ.

ಬೈತಖೋಲದ ಹುಡುಗಿ

ಕೋಡಿಬಾಗದ ಅಣ್ಣಾ, ನಾನು ಕಾರವಾರ ಬಂದರಿನ ಪಕ್ಕದ ಬೈತಖೋಲದ ಮೀನುಗಾರರ ಮನೆಯವಳು. ಅವ್ವ ಈಗಲೂ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. 2020ರ ಜನವರಿಯಲ್ಲಿ ಕಡಲಿಗಿಳಿದ ಹೆಂಗಸರಲ್ಲಿ ಅವಳೂ ಇದ್ದಳು. ಆಗ ನಾನು ಕಾಲೇಜಿನಲ್ಲಿದ್ದೆ.

ಆ ದಿನಗಳ ಬಗ್ಗೆ ಪೇಪರಿನಲ್ಲಿ ಬಂದದ್ದು ಎಲ್ಲರೂ ಓದಿದ್ದೀರಿ. ತಡೆಗೋಡೆ ಕೆಲಸ ಪೊಲೀಸ್ ಕಾವಲಿನಲ್ಲಿ ಶುರುವಾಯಿತು, ಬೋಟುಗಳು ದಡಕ್ಕೆ ಬಂದು ನಿಂತವು, ಹೆಂಗಸರು ನೀರಿಗಿಳಿದರು, ಊರು ಬಂದ್ ಆಯಿತು. ಅದೇ ತಿಂಗಳು ಹೈಕೋರ್ಟಿನ ತಡೆಯಾಜ್ಞೆ ಬಂತು. ಅವತ್ತು ಬಂದ್ ಆಗದಿದ್ದರೆ ಕಲ್ಲು ಸುರಿದು ಮುಗಿಸಿರುತ್ತಿದ್ದರು. ಹಾಗಾಗಿ ಬಂದ್ ಬೇಡ ಅನ್ನೋದಕ್ಕೆ ನನ್ನಿಂದ ಆಗೋದಿಲ್ಲ.

ಪೇಪರಿನಲ್ಲಿ ಬರದೇ ಇದ್ದದ್ದು ಮನೆಯೊಳಗಿನ ಕತೆ. ನಮ್ಮ ಬದಿಗೆ ಚಳಿಗಾಲ ಅಂದರೆ ಒಣಮೀನಿನ ಕಾಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗಿಳಿಯುವ ಹಾಗಿಲ್ಲ. ಆ ಹೊತ್ತಿನ ಖರ್ಚಿಗೆ ಈಗಲೇ ಒಣಗಿಸಿ ಇಡಬೇಕು. ಬಂಗಡೆ ಅಗ್ಗಕ್ಕೆ ಸಿಕ್ಕ ದಿನ ಮನೆಮಂದಿ ಎಲ್ಲಾ ಕೂತು ಹೊಟ್ಟೆ ಸೀಳಿ ತೊಳೆದು, ಉಪ್ಪು ತುಂಬಿ ಡ್ರಮ್ಮಿನಲ್ಲಿ ಹಾಕಿಡುತ್ತೇವೆ. ಮರುದಿನ ಉಪ್ಪು ನೀರು ಬಸಿದು, ಮರಳ ಮೇಲೆ ಹಳೇ ಬಲೆ ಹಾಸಿ ಹರಡೋದು. ಮಧ್ಯಾಹ್ನ ಒಂದೊಂದನ್ನೇ ತಿರುವಿ ಹಾಕಬೇಕು. ಕಾಗೆ, ನಾಯಿ ಕಾಯೋದಕ್ಕೆ ಒಬ್ಬರು ಬೇಕೇ ಬೇಕು. ಸಂಜೆ ಇಬ್ಬನಿ ಇಳಿಯುವ ಮೊದಲು ಒಟ್ಟುಮಾಡಿ ತಾಡಪಾಲು ಹೊದೆಸಬೇಕು. ಬಿಸಿಲು ಗಟ್ಟಿ ಇದ್ದರೆ ಮೂರು ನಾಲ್ಕು ದಿನಕ್ಕೆ ಮೀನು ಮುರಿದರೆ ಟಕ್ ಅನ್ನುವ ಹಾಗಾಗುತ್ತದೆ.

ನಿಷೇಧಾಜ್ಞೆ ಹಾಕಿದಾಗ ದಡದಲ್ಲಿ ಐದು ಜನ ಸೇರಬಾರದು ಅಂತಾರೆ. ಮೀನು ಹರಡೋದಕ್ಕೇ ಆರು ಏಳು ಹೆಂಗಸರು ಬೇಕು! ಒಂದು ಸಲ ಹೀಗೇ ಕೂತವರನ್ನು ಎಬ್ಬಿಸಿ ಕಳಿಸಿದರು, ಹರಡಿದ ಮೀನು ಅಲ್ಲೇ ಉಳಿಯಿತು. ಸಂಜೆ ಹೋಗಿ ನೋಡಿದರೆ ಅರ್ಧಕ್ಕರ್ಧ ನಾಯಿ ಪಾಲು. ಅವ್ವ ಅವತ್ತು ಯಾರಿಗೂ ಬಯ್ಯಲಿಲ್ಲ. ಉಳಿದದ್ದನ್ನು ಆರಿಸಿ ತಂದು ಮತ್ತೆ ತೊಳೆದು ಉಪ್ಪು ಹಾಕಿದಳು.

ಕೋಡಿಬಾಗದ ಅಣ್ಣ ಹೇಳಿದ್ದು ಸರಿ ಇದೆ. ಬೈತಖೋಲದಲ್ಲಿರಲಿ, ಟೊಂಕದಲ್ಲಿರಲಿ, ಕೇಣಿಯಲ್ಲಿರಲಿ, ಹೋರಾಡುವವರೂ ಕಳಕೊಳ್ಳುವವರೂ ಅದೇ ಹೆಂಗಸರು.

ಸದಾಶಿವಗಡ

ಒಂದು ಮಾತು ಸೇರಿಸುತ್ತೇನೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ನಮಗೂ ಕಾರವಾರಕ್ಕೂ ನಡುವೆ ಹೆದ್ದಾರಿಯಲ್ಲಿ ಉಳಿದಿರೋದು ಹೊಸ ಸೇತುವೆ ಒಂದೇ. ಮಾಜಾಳಿ, ಸದಾಶಿವಗಡದ ಎಷ್ಟೋ ಹುಡುಗರು ಬೆಳಗ್ಗೆ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ, ಈಚೆಯಿಂದ ಶಾಲೆ ಮಕ್ಕಳು, ರೋಗಿಗಳು ಕಾರವಾರಕ್ಕೆ ಬರುತ್ತಾರೆ. ಯಾವ ಪಕ್ಷದವರು, ಯಾವ ಸಮಿತಿಯವರು ಪ್ರತಿಭಟನೆ ಮಾಡಿದರೂ ಸರಿ, ಸೇತುವೆ ಮೇಲೆ ಮಾತ್ರ ಕೂರಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಶರಾವತಿ ಬದಿ

ಹೊನ್ನಾವರದವ ನಾನು. 2017ರ ಡಿಸೆಂಬರಿನ ಬಗ್ಗೆ ಬರೆಯಲೇಬೇಕು, ಏಕೆಂದರೆ ಬಂದರಿಗಾಗಿ ಆಗುವ ಹೋರಾಟಕ್ಕೂ ಅದಕ್ಕೂ ಬಹಳ ವ್ಯತ್ಯಾಸವಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಇಡಬಾರದು.

ಅವತ್ತು ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಆ ಮನೆಯವರ ದುಃಖ ಅವರಿಗೇ ಗೊತ್ತು. ಆದರೆ ಮರಣೋತ್ತರ ಪರೀಕ್ಷೆಯ ವರದಿ ಬರುವ ಮೊದಲೇ ಹೀಗೆ ಕೊಂದರು, ಹಾಗೆ ಚಿತ್ರಹಿಂಸೆ ಕೊಟ್ಟರು ಎಂಬ ಮೆಸೇಜುಗಳು ಫೋನಿನಿಂದ ಫೋನಿಗೆ ಓಡಿದವು. ವಾಹನಗಳು ಸುಟ್ಟವು, ಕಲ್ಲು ಬಿದ್ದವು, ಎಷ್ಟೋ ಹುಡುಗರ ಮೇಲೆ ಕೇಸು ಬಿತ್ತು. ಸಿಬಿಐ ಐದು ವರ್ಷದ ನಂತರ, 2022ರಲ್ಲಿ, ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ಕೋರ್ಟಿಗೆ ವರದಿ ಕೊಟ್ಟಿತು. ಆ ವರದಿ ಬರುವಷ್ಟರಲ್ಲಿ ಕೇಸು ಬಿದ್ದ ಹುಡುಗರ ಪಾಸ್‌ಪೋರ್ಟು, ಸರ್ಕಾರಿ ನೌಕರಿಯ ಆಸೆ ಎಲ್ಲ ಸೊರಗಿ ಹೋಗಿತ್ತು.

ಆ ಚಳಿಗಾಲ ನಮ್ಮ ಪೇಟೆ ಹೇಗಿತ್ತು ಗೊತ್ತಾ? ಬೆಳಗ್ಗೆ ಹಾಲು, ಪೇಪರು ತರಲೂ ಜನ ಇಬ್ಬರಿಬ್ಬರು ಜೊತೆಯಾಗಿ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಹೂವು ಮಾರುವವರು ಒಂದು ಧರ್ಮದವರು, ಕೊಳ್ಳುವವರು ಇನ್ನೊಂದು. ಪರಸ್ಪರ ಮುಖ ನೋಡಿ ಮಾತಾಡಲು ಎಷ್ಟೋ ವಾರ ಬೇಕಾಯಿತು. ಚುನಾವಣೆಗೆ ಕೆಲವೇ ತಿಂಗಳಿತ್ತು ಅನ್ನೋದನ್ನೂ ಮರೆಯಬೇಡಿ.

ಟೊಂಕದಲ್ಲಿ ಒಣಮೀನಿನ ಜಾಗಕ್ಕಾಗಿ ಕೂತ ಹೆಂಗಸರ ಜೊತೆ ಎಲ್ಲ ಜಾತಿ, ಧರ್ಮದ ಮೀನುಗಾರರೂ ಇದ್ದರು, ನಾನೇ ನೋಡಿದ್ದೇನೆ. ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡಲು ಬರುವ ತೀರ ಅದು, ಬರುವುದೂ ಇದೇ ಚಳಿಗಾಲದಲ್ಲಿ. ಆಮೆ ಗೂಡಿಗೆ ಬೇಲಿ ಕಟ್ಟುವವರೂ ಅದೇ ಮೀನುಗಾರರ ಮಕ್ಕಳು. ಆ ಹೋರಾಟದ ನಡುವೆ ಯಾರಾದರೂ ಧರ್ಮದ ಮೆಸೇಜು ತಂದರೆ ಅಲ್ಲೇ ನಿಲ್ಲಿಸಿ. ಗ್ರೂಪಿನಲ್ಲಿ ಮುಲಾಜು ನೋಡಬೇಡಿ, ಮಾವನೇ ಕಳಿಸಿದ್ದರೂ ಕೇಳಿ: ಇದು ಎಲ್ಲಿಂದ ಬಂತು, ಯಾರು ಹೇಳಿದ್ದು?

ಊರಿಂದ ದೂರ

ಕೆಲಸ ಬೆಂಗಳೂರಿನಲ್ಲಿ, ಮನೆ ಕುಮಟಾದಲ್ಲಿ. ಅಪ್ಪನಿಗೆ ಡಯಾಲಿಸಿಸ್ ಇದೆ. ಬಂದ್ ಎಂದು ಸುದ್ದಿ ಬಂದರೆ ಅಮ್ಮ ರಾತ್ರಿಯಿಡೀ ಮಲಗೋದಿಲ್ಲ. ಆಸ್ಪತ್ರೆಗೆ ಹೋಗುವ ಗಾಡಿ ಬಿಡುತ್ತಾರಾ, ಯಾರನ್ನು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸಿದ್ದಾಪುರದ ಆರೋಗ್ಯ ಕಾರ್ಯಕರ್ತೆ

ಊರಿಂದ ದೂರ ಇರುವ ತಮ್ಮಾ, ಡಯಾಲಿಸಿಸ್ ಕೇಂದ್ರದಲ್ಲಿ ಅಪ್ಪನ ಹೆಸರು, ಸರದಿಯ ದಿನ, ಹೊತ್ತು ಬರೆದು ಸೀಲು ಹಾಕಿದ ಒಂದು ಚೀಟಿ ಮಾಡಿಸಿ ಅಮ್ಮನ ಕೈಲಿ ಕೊಡಿ. ಗಾಡಿಯ ಮುಂದಿನ ಗಾಜಿಗೆ ಅಂಟಿಸಿದರೆ ಹೆಚ್ಚಿನ ಕಡೆ ತಡೆಯೋದಿಲ್ಲ. ಬಂದ್ ಹಿಂದಿನ ದಿನವೇ ನಿಮ್ಮ ಠಾಣೆಗೆ ಫೋನ್ ಮಾಡಿ ಹೇಳಿಡಿ. ಸರದಿಯನ್ನು ಒಂದು ದಿನ ಹಿಂದೆ ಮುಂದೆ ಮಾಡಬಹುದಾ ಎಂದು ಕೇಂದ್ರದವರನ್ನೂ ಕೇಳಿ, ಆದರೆ ವೈದ್ಯರು ಒಪ್ಪದೆ ನೀವೇ ತಪ್ಪಿಸಬೇಡಿ.

ಚಳಿಗಾಲದಲ್ಲಿ ಘಟ್ಟದ ಮೇಲೆ ಇನ್ನೊಂದು ಚಿಂತೆ ಇದೆ, ಇಲ್ಲಿ ಯಾರೂ ಎತ್ತಿಲ್ಲ. ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ಗುಡಿಸಲು, ಸೌದೆಗೆ ಹೋದವರಿಗೆ ಉಣುಗು ಕಚ್ಚುತ್ತದೆ. ಜ್ವರ ಜೋರು, ತಲೆನೋವು, ಮೈ ಕೈ ನೋವು ಬಂದರೆ ಮೂರ್ನಾಲ್ಕು ದಿನ ಮನೆಯಲ್ಲಿ ಕಷಾಯ ಕುಡಿದು ಕಾಯಬಾರದು. ರಕ್ತದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು, ಆ ಗಾಡಿ ರಸ್ತೆಯಲ್ಲಿ ನಿಂತರೆ ಆ ಹಳ್ಳಿಗೇ ಎಚ್ಚರಿಕೆ ತಡವಾಗುತ್ತದೆ. ಆಂಬುಲೆನ್ಸ್ ಬಿಡುತ್ತಾರೆ, ನಮ್ಮ ಜೀಪು ಬಿಡೋದಿಲ್ಲ. ಬೆಟ್ಟಕ್ಕೆ ಹೋಗುವ ಮೊದಲು ಇಲಾಖೆ ಕೊಡುವ ಡೇಪಾ ಎಣ್ಣೆ ಕೈ ಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೀಯಿರಿ, ಬಟ್ಟೆ ಕುದಿಯುವ ನೀರಿಗೆ ಹಾಕಿ.

ಇಡೀ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜನ ಎದ್ದರಲ್ಲ, ಆ ಕೂಗು ಎಲ್ಲಿ ಹೋಯಿತು? ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾದ ವಿಡಿಯೋ ನೋಡಿ ಅತ್ತವರು ನಾವೇ. ಈಗಲೂ ಕೊನೆಗೌಡ ಮರದಿಂದ ಬಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ನದಿ, ಬಂದರಿನ ಹೋರಾಟದ ಪಟ್ಟಿಯಲ್ಲಿ ಆಸ್ಪತ್ರೆಯನ್ನು ಕೊನೆಗೆ ತಳ್ಳಬೇಡಿ.

ಗಂಗಾವಳಿ ತೀರ

ಎಲ್ಲರೂ ಬಂದ್ ಕಷ್ಟ ಹೇಳಿದಿರಿ. ನಾನು ಸ್ವಲ್ಪ ಬೇರೆ ಮಾತು ಆಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ನಮ್ಮ ಜಿಲ್ಲೆಯ ಹೆಚ್ಚಿನ ಭಾಗ ಕಾಡು, ಜನ ಕಡಿಮೆ. ವಿಧಾನಸೌಧದಲ್ಲಿ ನಮ್ಮ ಮಾತಿಗೆ ತೂಕ ಎಷ್ಟು? ಕೈಗಾ ಬಂತು, ಕದ್ರಾ, ಕೊಡಸಳ್ಳಿ ಅಣೆಕಟ್ಟು ಬಂತು, ಸೀಬರ್ಡ್ ಬಂತು. ಮನವಿ ಕೊಟ್ಟು ಕೂತಿದ್ದವರ ಮನವಿ ಯಾವ ಕಡತದಲ್ಲಿದೆ ಹೇಳಿ. ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬರದೇ ಹೋದದ್ದು ಜನ ಗಟ್ಟಿ ನಿಂತದ್ದಕ್ಕೆ. ಆಗ ಸುಮ್ಮನಿದ್ದರೆ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸರ್ ಮಾನ್ಯತೆ ಸಿಗುತ್ತಿತ್ತಾ? ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರು, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು ಇವತ್ತು ಅಲ್ಲಿರುತ್ತಿದ್ದರಾ?

2024ರ ಜುಲೈ 16ರಂದು ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಗೆ ಗುಡ್ಡ ಹೀಗೆ ನೆಟ್ಟಗೆ ಕಡಿಯಬೇಡಿ ಎಂದು ಹೇಳಿದವರಿದ್ದರು. ಮೆಲ್ಲಗೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆಚೆ ದಡದ ಉಳವರೆಯಲ್ಲಿ ನದಿ ನೀರು ಎದ್ದು ಮನೆಗಳ ಮೇಲೆ ಬಿತ್ತು. ಅದನ್ನೆಲ್ಲ ಕಂಡ ಮೇಲೆ ಒಂದು ದಿನದ ವ್ಯಾಪಾರದ ಲೆಕ್ಕ ನನ್ನ ಮನಸ್ಸಿಗೆ ಹಿಡಿಸೋದಿಲ್ಲ.

ತೋಟದಮನೆ, ಶಿರಸಿ

ಗಂಗಾವಳಿಯವರ ನೋವು ಅರ್ಥ ಆಗುತ್ತದೆ, ಅವರ ಮಾತಿನ ಅರ್ಧ ನಾನು ಒಪ್ಪುತ್ತೇನೆ. ಗಟ್ಟಿ ನಿಲ್ಲದೆ ಏನೂ ಸಿಗಲಿಲ್ಲ. ಆದರೆ ಗಟ್ಟಿ ನಿಲ್ಲೋದಕ್ಕೆ ನಮ್ಮ ಜಿಲ್ಲೆಗೆ ಗೊತ್ತಿರುವ ದಾರಿ ಬಂದ್ ಒಂದೇ ಅಲ್ಲ.

ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುತ್ತೇವೆಂದು ಹಿಂದೆ ಹೊರಟಾಗ ಶಿರಸಿಯ ಅಡಿಕೆ ಬೆಳೆಗಾರರು ಮಾಡಿದ್ದೇನು? 1981ರಲ್ಲಿ ತೋಟಗಾರ್ಸ್ ಸೊಸೈಟಿಯವರು ಮುಂದೆ ನಿಂತು ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು ಶಿರಸಿಗೇ ಕರೆಸಿ ಕೂರಿಸಿದರು. ಎಷ್ಟು ಕಾಡು ಮುಳುಗುತ್ತದೆ, ಎಷ್ಟು ತೋಟ ಹೋಗುತ್ತದೆ, ಸಿಗುವ ಕರೆಂಟಿಗೆ ಈ ಬೆಲೆ ಸರಿಯೇ ಎಂದು ಸರ್ಕಾರದ ಲೆಕ್ಕವನ್ನೇ ಬಿಡಿಸಿ ನೋಡಿದರು. ಯೋಜನೆ ನಿಂತಿತು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯವರು ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಅಲ್ಲಿಂದ ದಕ್ಷಿಣ ಭಾರತಕ್ಕೆಲ್ಲ ಹೋಯಿತು. ಅವರು ತಡೆದದ್ದು ಮರ ಕಡಿಯುವ ಕೊಡಲಿಯನ್ನು, ಪೇಟೆಯ ಬಾಗಿಲನ್ನಲ್ಲ.

ಇನ್ನೂ ಹಿಂದೆ ಹೋಗಿ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ಕಾಲದಲ್ಲಿ ಅಂಕೋಲಾ, ಸಿದ್ದಾಪುರದವರು ಹೊಲ ಮನೆ ಜಪ್ತಿಯಾದರೂ ತೆರಿಗೆ ಕಟ್ಟಲಿಲ್ಲ. ಜಪ್ತಿ ಮಾಲು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಹೋಗುವಾಗ ಒಮ್ಮೆ ಇಳಿದು ನೋಡಿ. ಯಾರಿಗೆ ನಾಚಿಕೆ ಆಗಬೇಕೋ ಅವರ ಹೊಸಿಲಿಗೇ ಹೋಗಿ ಕೂತ ಜನ ನಮ್ಮವರು.

ಮತ್ತೆ ಕಾನೂನಿನ ಮಾತು. ಒತ್ತಾಯದಿಂದ ಅಂಗಡಿ, ವಾಹನ ನಿಲ್ಲಿಸುವ ಬಂದ್ ಸಂವಿಧಾನಕ್ಕೆ ವಿರುದ್ಧ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಅದೇ ವರ್ಷ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ತಾವಾಗಿಯೇ ಬಾಗಿಲು ಹಾಕುವವರನ್ನು ಯಾರೂ ತಡೆಯೋದಿಲ್ಲ. 2020ರಲ್ಲಿ ಕಾರವಾರದ ಎಷ್ಟೋ ಅಂಗಡಿಯವರು ಮೀನುಗಾರರಿಗಾಗಿ ತಾವೇ ಮುಚ್ಚಿದ್ದರು, ಅದರ ಬಲವೇ ಬೇರೆ.

ಗಂಗಾವಳಿ ತೀರ

ಸೊಸೈಟಿ ಬೆನ್ನಿಗಿದ್ದವರಿಗೆ ವಿಜ್ಞಾನಿಗಳನ್ನು ಕರೆಸಲು ಆಗುತ್ತದೆ ತೋಟದಮನೆಯವರೇ. ದಡದ ಮೇಲೆ ಗುಡಿಸಲು ಹಾಕಿದವರಿಗೆ ಯಾರಿದ್ದಾರೆ? ಅವರಿಗೆ ಇರೋದು ಅವರ ದೇಹ ಒಂದೇ, ಅದನ್ನೇ ತಂದು ರಸ್ತೆಯಲ್ಲಿ, ನೀರಿನಲ್ಲಿ ಇಡುತ್ತಾರೆ.

ತೋಟದಮನೆ, ಶಿರಸಿ

ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ನಮ್ಮ ಸೊಸೈಟಿಗಳು ಘಟ್ಟ ಇಳಿದು ಬರಬೇಕು, ಅದು ನಮ್ಮ ಕರ್ತವ್ಯ. ಅಘನಾಶಿನಿ ಹುಟ್ಟೋದು ಶಿರಸಿಯಲ್ಲಿ, ಕಡಲು ಸೇರೋದು ತದಡಿಯ ಹತ್ತಿರ. ಮೇಲೆ ನೀರು ತಿರುಗಿಸಿದರೆ ಕೆಳಗೆ ಬಳಚು ಸಾಯುತ್ತದೆ. ಮೇಲಿನವರ ಸಭೆ ಬೇರೆ, ಕೆಳಗಿನವರ ಸಭೆ ಬೇರೆ ಎಂದು ಇಷ್ಟು ವರ್ಷ ನಡೆದದ್ದೇ ನಮ್ಮನ್ನು ಬಡವಾಗಿಸಿದ್ದು.

ಬೊಬ್ರುವಾಡದ ಮೊಮ್ಮಗ

ನಮ್ಮ ಅಜ್ಜಿ ಅಂಕೋಲಾದಿಂದ ಕಾರವಾರದ ರವಿವಾರದ ಸಂತೆಗೆ ತರಕಾರಿ ಹೊತ್ತು ಹೋಗೂಳು. ಈಗ ಅತ್ತಿಗೆ ಹೋಗ್ತಾಳೆ. ಮಳೆಗದ್ದೆ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಹರಿವೆ, ಬದನೆ, ಮೂಲಂಗಿ, ಗೆಣಸು, ಬಸಳೆ ಹಾಕೂದು. ಕೊಡದಿಂದ ನೀರು ಹೊಯ್ದು ಬೆಳೆಸೂದು. ಶನಿವಾರ ಸಂಜೆ ಕೊಯ್ದು ಬಾಳೆ ಪಟ್ಟೆಯಲ್ಲಿ ಕಟ್ಟಿ, ನೀರು ಚಿಮುಕಿಸಿ, ರವಿವಾರ ಮೊದಲ ಬಸ್ಸಿಗೆ ಹೋಗ್ಬೇಕು. ಹರಿವೆ ಸೊಪ್ಪು ಸೋಮವಾರಕ್ಕೆ ಇಟ್ಟರೆ ದನಕ್ಕೇ ಸೈ.

ಹಿಂದೊಂದು ಸಲ ಶನಿವಾರ ರಾತ್ರಿ ಸಂತೆ ಇಲ್ಲ ಅಂತ ಸುದ್ದಿ ಬಂತು. ಕೊಯ್ದಾಗಿತ್ತು. ಅತ್ತಿಗೆ ಬುಟ್ಟಿ ಜಗಲಿ ಮೇಲೆ ಇಟ್ಟು ಕೇರಿಗೆಲ್ಲ ಹಂಚಿದಳು. ಮರುದಿನ ನೋಡಿದರೆ ಸಂತೆ ಆಗಿತ್ತಂತೆ! ಯಾರೋ ಹಳೇ ಮೆಸೇಜು ಕಳಿಸಿದ್ದು. ಶರಾವತಿ ಬದಿಯ ಅಣ್ಣ ಹೇಳೂದು ಧರ್ಮದ ಸುದ್ದಿಗೆ ಮಾತ್ರ ಅಲ್ಲ, ಇದಕ್ಕೂ ಲಾಗೂ. ಬಂದ್ ಮೆಸೇಜಿನಲ್ಲಿ ತಾರೀಖು, ಕರೆದವರ ಹೆಸರು ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ಚೌಕಿಮನೆ

ಯಕ್ಷಗಾನದವರ ಮಾತೂ ಕೇಳಿ. ದೀಪಾವಳಿಯಿಂದ ಮಳೆ ಹಿಡಿಯೋವರೆಗೆ ನಮ್ಮ ತಿರುಗಾಟ. ಚಳಿಗಾಲದಲ್ಲಿ ಹಳ್ಳಿ ಹಳ್ಳಿಯಲ್ಲಿ ಆಟ, ಕಂಬಳಿ ಹೊದ್ದು ಅಜ್ಜಂದಿರು, ಚಾಪೆ ಮೇಲೆ ಮಕ್ಕಳು. ನಿಷೇಧಾಜ್ಞೆ ಬಿದ್ದರೆ ಮೊದಲು ರದ್ದಾಗೋದು ಆಟದ ಪರವಾನಗಿ. ಸಂಬಳದ ಕಲಾವಿದರು ಹೇಗೋ ತಡೆದುಕೊಳ್ಳುತ್ತಾರೆ. ಅತಿಥಿ ಕಲಾವಿದರಿಗೆ, ಮೈಕಿನವರಿಗೆ, ರಂಗಸ್ಥಳ ಕಟ್ಟುವವರಿಗೆ, ಗೇಟಿನ ಹತ್ತಿರ ಶೇಂಗಾ, ಚಹಾ ಮಾರುವವರಿಗೆ ರಾತ್ರಿಯ ಲೆಕ್ಕ.

ಆಯೋಜಕರಿಗೆ ಒಂದು ಸೂಚನೆ. 163ರ ಆದೇಶ (ಮೊದಲು 144 ಅನ್ನುತ್ತಿದ್ದೆವು) ಬಂದಾಗ ಹೆದರಿ ತಾವೇ ರದ್ದು ಮಾಡಬೇಡಿ. ಆದೇಶದ ಪ್ರತಿ ತರಿಸಿ ಓದಿ. ಯಾವ ಗ್ರಾಮ, ಎಷ್ಟು ಹೊತ್ತಿನವರೆಗೆ, ಮದುವೆ, ಜಾತ್ರೆ, ಸಂತೆಗೆ ರಿಯಾಯಿತಿ ಇದೆಯಾ ಎಂದು ಅದರಲ್ಲೇ ಬರೆದಿರುತ್ತದೆ. ಪಕ್ಕದ ಪಂಚಾಯಿತಿಗೆ ಅದು ತಾಗದೇ ಇರಬಹುದು. ತಹಶೀಲ್ದಾರರನ್ನು ಕಂಡು ಅರ್ಜಿ ಕೊಟ್ಟರೆ ಅನುಮತಿ ಸಿಕ್ಕ ಉದಾಹರಣೆ ಇದೆ.

ಕೋಡಿಬಾಗದವ

ಎಲ್ಲರೂ ಬರೆದದ್ದನ್ನು ಓದಿದೆ. ಚೌಕಿಮನೆಯವರ ಮಾತಿನಂತೆ ಅಹವಾಲು ಸಭೆಗೂ ಕಾಗದ ಓದುವ ಅಭ್ಯಾಸ ಬೇಕು. 2006ರ ಪರಿಸರ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಸಭೆಯ ವಿಡಿಯೋ ಆಗಬೇಕು. ಸಭೆಗೆ ಬರಲಾಗದವರು ಬರಹದಲ್ಲಿ ಆಕ್ಷೇಪ ಕೊಡಬಹುದು. ಆ 30 ದಿನದಲ್ಲಿ ಅಡಿಕೆ ಸುಲಿಯುವಲ್ಲಿ, ಮೀನು ಒಣಗಿಸುವಲ್ಲಿ ಕೂತೇ ಆಕ್ಷೇಪ ಬರೆಸಬಹುದಲ್ಲ? ಬರೆಯಲು ಬಾರದ ಹಿರಿಯರಿಗೆ ಕಾಲೇಜು ಹುಡುಗ ಹುಡುಗಿಯರು ಬರೆದುಕೊಡಲಿ. ನಾನು ಕೋಡಿಬಾಗ, ಕಾಜುಬಾಗದ ಕಡೆ ಬರಲು ತಯಾರಿದ್ದೇನೆ. ಗಂಗಾವಳಿಯವರೇ, ನೀವು ಉಳವರೆ ಕಡೆ ನೋಡಿಕೊಳ್ಳುತ್ತೀರಾ?

ಗಂಗಾವಳಿ ತೀರ

ನೋಡಿಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಬದಲಾಗಿಲ್ಲ, ಯಂತ್ರ ಇಳಿದ ದಿನ ನಾನು ರಸ್ತೆಯಲ್ಲೇ ಇರುತ್ತೇನೆ. ಆದರೆ ಆಂಬುಲೆನ್ಸ್, ಡಯಾಲಿಸಿಸ್ ಗಾಡಿ, ಆರೋಗ್ಯ ಇಲಾಖೆ ಜೀಪು ಬಿಡಲು ನಮ್ಮ ಹುಡುಗರಲ್ಲೇ ಇಬ್ಬರನ್ನು ನಿಲ್ಲಿಸುತ್ತೇನೆ. ಸದಾಶಿವಗಡದವರು ಹೇಳಿದ ಸೇತುವೆ ಮಾತನ್ನೂ ಮುಟ್ಟಿಸುತ್ತೇನೆ.

ಬೈತಖೋಲದ ಹುಡುಗಿ

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಅವಳು ಹೇಳಿದ್ದು ಹೀಗೆ: ಬೋಟು ಬರೋದು, ಹರಾಜು ಆಗೋದು ಬೆಳಗ್ಗೆ. ಮೆರವಣಿಗೆ ಹನ್ನೊಂದಕ್ಕೆ ಇಟ್ಟರೆ ಬುಟ್ಟಿಯಲ್ಲಿ ಮೀನು ಹಾಗೇ ಇರುತ್ತದೆ, ಮನಸ್ಸೂ ಅಲ್ಲೇ ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಇಡಿ, ಓಣಿಯ ಹೆಂಗಸರೆಲ್ಲ ಬರುತ್ತೇವೆ. ಐಸ್ ಗಾಡಿ, ಮೀನಿನ ಟೆಂಪೋ ತಡೆಯಬೇಡಿ. ಕೂರ್ಮಗಡ ಜಾತ್ರೆ ದಿನ ಏನೂ ಇಟ್ಟುಕೊಳ್ಳಬೇಡಿ, ಅವತ್ತು ಬೋಟುಗಳೆಲ್ಲ ನಡುಗಡ್ಡೆಗೆ ಜನ ಒಯ್ಯುತ್ತಿರುತ್ತವೆ. 2019ರಲ್ಲಿ ಆ ಜಾತ್ರೆಯಿಂದ ಬರುವಾಗ ದೋಣಿ ಮುಗುಚಿ 16 ಜನ ಹೋದರು, ಕಾವಲಿಗೆ ಪೊಲೀಸರು ದಡದಲ್ಲಿ ಇರಬೇಕು, ಮೆರವಣಿಗೆ ಹಿಂದೆ ಅಲ್ಲ.

ಕೋಡಿಬಾಗದ ಅಣ್ಣಾ, ಆಕ್ಷೇಪ ಬರೆಯಲು ನಾನೂ ಬರುತ್ತೇನೆ, ಕೊಂಕಣಿಯಲ್ಲಿ ಹೇಳುವವರದ್ದು ಕನ್ನಡದಲ್ಲಿ ಬರೆದುಕೊಡುತ್ತೇನೆ. ಸಮಿತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಹೊತ್ತಿನ ವಿಷಯ ರವಿವಾರದೊಳಗೆ ಹೇಳಿಬಿಡಿ. ಸಂತೆಗೆ ಬರುವ ಅಂಕೋಲಾದ ಅಕ್ಕಂದಿರಿಗೂ ಅಲ್ಲೇ ತಿಳಿಸಬಹುದು.